ಪ್ಲೇಟಿನ ಮೇಲಿನ ಹುಳಿ

ಆ ಕಾಲಿನ ಕೀವು ನನ್ನ ಲ್ಯಾಬಿಗೆ ಬರುತ್ತಿದ್ದದ್ದು ಬಸ್ಸಿನಲ್ಲಿ. ಚಿಂತಾಮಣಿಯಿಂದ ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರಕ್ಕೆ ಓಡುವ ಖಾಸಗಿ ಬಸ್ಸೊಂದರ ಕಂಡಕ್ಟರು ಅದನ್ನು ತರುತ್ತಿದ್ದ. ಹತ್ತಿ ಸುತ್ತಿದ ಕಡ್ಡಿ, ಅದರ ಮೇಲೊಂದು ಗಾಜಿನ ಕೊಳವೆ, ಕೊಳವೆಗೆ ಅಂಟಿಸಿದ ಚೀಟಿ. ಬಸ್ಸು ನಿಲ್ದಾಣದಲ್ಲಿ ನಿಂತಿರುವಷ್ಟು ಹೊತ್ತಿನಲ್ಲೇ ಮೆಟ್ಟಿಲು ಹತ್ತಿ ಬಂದು, ಅದನ್ನು ನನ್ನ ಕೈಗಿಟ್ಟು, ಹಿಂದಿನ ರಿಪೋರ್ಟು ಇಸಿದುಕೊಂಡು ಓಡಬೇಕು. ಮೊದಲ ಸಲ ಅಂಗಿಯ ಜೇಬಿನಲ್ಲಿಟ್ಟುಕೊಂಡು ತಂದಿದ್ದ. ನಿಮ್ಮ ಮೈಶಾಖದಲ್ಲಿ ಬೆಂದ ಕೀವು ನನಗೆ ಬೇಡ ಕಂಡಕ್ಟ್ರೇ ಎಂದು ಬೈದು ಕಳಿಸಿದೆ. ಆಮೇಲಿಂದ ಒದ್ದೆ ಬಟ್ಟೆ ಸುತ್ತಿ, ಟಿಕೆಟ್ ಚೀಲದಲ್ಲಿಟ್ಟು, ಕಿಟಕಿಯ ಪಕ್ಕ ನೇತುಹಾಕಿಕೊಂಡು ತರತೊಡಗಿದ.

ಕಾಲು ಅವನ ಹೆಂಡತಿಯದು. ಅಂಬಾಜಿದುರ್ಗದ ಬುಡದಲ್ಲೊಂದು ಹಳ್ಳಿಯಲ್ಲಿ ಅವರಿಗೆ ಹಿಪ್ಪುನೇರಳೆ ತೋಟ, ಒಂದು ಹುಳುವಿನ ಮನೆ. ಗಂಡ ಬಸ್ಸು ಹತ್ತಿದ ಮೇಲೆ ರೇಷ್ಮೆ ಹುಳು ಸಾಕುವುದೆಲ್ಲ ಅವಳ ಪಾಲಿನ ಕೆಲಸ. ಮೇಲಿನ ಅಟ್ಟಣೆಯ ಹುಳುಗಳಿಗೆ ಸೊಪ್ಪು ಹಾಕಲು ಸ್ಟೂಲು ಹತ್ತಿದವಳು ಜಾರಿ ಬಿದ್ದಿದ್ದಳು. ಮೊಣಕಾಲ ಕೆಳಗಿನ ಮೂಳೆ ಮುರಿದು ಚರ್ಮ ಸೀಳಿಕೊಂಡು ಹೊರಗೆ ಬಂದಿತ್ತು. ಚಿಂತಾಮಣಿಯ ನರ್ಸಿಂಗ್ ಹೋಮೊಂದರ ಮೂಳೆ ಡಾಕ್ಟರು ತೊಳೆದು, ಸ್ಟೀಲಿನ ಪ್ಲೇಟಿಟ್ಟು, ಸ್ಕ್ರೂ ಹೊಡೆದು ಕೂಡಿಸಿದ್ದರು. ಹೊಲಿಗೆ ಒಣಗಿತು. ನಡೆಯಲೂ ಶುರು ಮಾಡಿದಳು. ಆಮೇಲೊಂದು ದಿನ ಹೊಲಿಗೆಯ ಗೆರೆಯ ಮೇಲೆ ಸಾಸಿವೆಯಷ್ಟು ತೂತು ಬಿದ್ದು, ಅದರಿಂದ ಕೀವು ಇಳಿಯತೊಡಗಿತು.

ನಾನು ಸೂಕ್ಷ್ಮಜೀವಿಗಳ ಡಾಕ್ಟರು. ರೋಗಿಯನ್ನು ಮುಟ್ಟುವ ಡಾಕ್ಟರಲ್ಲ, ರೋಗಿಯಿಂದ ಬಂದದ್ದನ್ನು ಮುಟ್ಟುವವಳು. ಕೀವನ್ನು ಅಗರ್ ತಟ್ಟೆಯ ಮೇಲೆ, ಅಂದರೆ ಜೀವಿಗಳಿಗೆ ಮೇವಾಗುವ ಗಟ್ಟಿ ಜೆಲ್ಲಿ ಹಾಕಿದ ತಟ್ಟೆಯ ಮೇಲೆ, ಎಳೆದು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟರೆ ಮಾರನೇ ದಿನ ಜೀವಿಗಳು ಚುಕ್ಕೆಗಳಾಗಿ ಬೆಳೆದಿರುತ್ತವೆ. ಆ ಚುಕ್ಕೆಯನ್ನು ಇನ್ನೊಂದು ತಟ್ಟೆಗೆ ತೆಳ್ಳಗೆ ಹರಡಿ, ಅದರ ಮೇಲೆ ಒಂದೊಂದು ಔಷಧಿ ಹೀರಿದ ಕಾಗದದ ಬಿಲ್ಲೆಗಳನ್ನಿಡುತ್ತೇವೆ. ಬಿಲ್ಲೆಯ ಸುತ್ತ ಏನೂ ಬೆಳೆಯದ ಬೋಳು ವೃತ್ತ ಬಿದ್ದರೆ ಆ ಔಷಧಿಗೆ ಜೀವಿ ಬಗ್ಗುತ್ತದೆ, ರಿಪೋರ್ಟಿನಲ್ಲಿ 'ಎಸ್' ಎಂದು ಬರೆಯುತ್ತೇವೆ. ಬೀಳದಿದ್ದರೆ 'ಆರ್'. ಡಾಕ್ಟರುಗಳು ಮೇಲೆ ಕೆಳಗೆ ಓದುವುದಿಲ್ಲ. 'ಎಸ್' ಎಲ್ಲಿದೆ ನೋಡುತ್ತಾರೆ, ಅದನ್ನು ಬರೆದುಕೊಡುತ್ತಾರೆ.

ಅವಳ ಕೀವಿನಲ್ಲಿ ಬೆಳೆದದ್ದು ಹಳದಿ ಬಣ್ಣದ ಸ್ಟಾಫಿಲೋಕಾಕಸ್. ಹಳೇ ಪರಿಚಯದ ಪ್ರಾಣಿ. ಬಿಲ್ಲೆ ಇಟ್ಟರೆ ಜೆಂಟಾಮೈಸಿನ್‌ಗೆ ದೊಡ್ಡ ವೃತ್ತ, ಇನ್ನೂ ಹಲವಕ್ಕೆ ಒಳ್ಳೇ ವೃತ್ತ. 'ಎಸ್' ಬರೆದೆ. ಸೂಜಿ ಕೊಟ್ಟರು. ಕೀವು ನಿಂತಿತು. ಸೂಜಿ ನಿಲ್ಲಿಸಿದರು. ಕೀವು ಬಂತು. ಮತ್ತೆ ಬಸ್ಸಿನಲ್ಲಿ ಕಡ್ಡಿ ಬಂತು, ಮತ್ತೆ ಅದೇ ಹಳದಿ ಚುಕ್ಕೆ, ಮತ್ತೆ 'ಎಸ್'. ಔಷಧಿ ಬದಲಾಯಿಸಿದರು, ಅದರ ಕಥೆಯೂ ಅಷ್ಟೇ ಆಯಿತು. ಒಂದು ದಿನ ಕಂಡಕ್ಟರು ರಿಪೋರ್ಟನ್ನು ಹಿಡಿದುಕೊಂಡು ಹೋಗದೆ ನಿಂತ.

"ಮೇಡಂ, ಪ್ರತಿ ಸಲಾನೂ ಎಸ್ ಎಸ್ ಅಂತ ಬರೀತೀರ. ಎಸ್ ಅಂದ್ರೆ ವಾಸಿ ಆಗುತ್ತೆ ಅಂತ ಅಲ್ವಾ?"

"ನನ್ನ ತಟ್ಟೇಲಿ ಸಾಯ್ತಾ ಇದೆ ಕಂಡಕ್ಟ್ರೇ. ಅದಕ್ಕೇ ಬರೆದೆ."

"ತಟ್ಟೇಲಿ ಸತ್ರೆ ನಮಗೇನ್ ಮೇಡಂ ಬಂತು? ಅವ್ಳ ಕಾಲಲ್ಲಿ ಸಾಯ್ಬೇಕು."

ನನಗೆ ಸಿಟ್ಟು ಬಂತು. ಕಾಲಿಗೆ ಪ್ಲೇಟು ಹಾಕಿದವಳು ನಾನಲ್ಲ, ಸೂಜಿ ಕೊಡುವವಳೂ ನಾನಲ್ಲ. ಕೆಳಗೆ ಡ್ರೈವರು ಹಾರ್ನ್ ಹೊಡೆಯುತ್ತಿದ್ದ. ಹೋಗ್ರೀ, ನಿಮ್ಮ ಬಸ್ಸು ಹೊರಡ್ತಾ ಇದೆ ಎಂದು ಕಳಿಸಿಬಿಟ್ಟೆ. ಆದರೆ ಅವನ ಮಾತು ಸಂಜೆವರೆಗೂ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಕೊರೆಯಲು ಕಾರಣವಿತ್ತು. ನನ್ನ ತಟ್ಟೆಗೂ ಆ ಕಾಲಿಗೂ ವ್ಯತ್ಯಾಸವಿದೆ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಸ್ಟೀಲಿಗೆ ರಕ್ತ ಹರಿಯುವುದಿಲ್ಲ. ಅದರ ಮೇಲೆ ಕೂತ ಜೀವಿಗಳು ಒಂದಕ್ಕೊಂದು ಅಂಟಿಕೊಂಡು ಲೋಳೆ ಕಟ್ಟಿಕೊಳ್ಳುತ್ತವೆ. ಲೋಳೆಯ ಒಳಪದರಕ್ಕೆ ಗಾಳಿ ತಲುಪುವುದಿಲ್ಲ. ಗಾಳಿ ಸಿಗದ ಜೀವಿಗಳು ಸಕ್ಕರೆಯನ್ನು ಅರೆಬರೆ ಅರಗಿಸಿಕೊಂಡು ಹುಳಿ ಬಿಡುತ್ತವೆ, ಮುಚ್ಚಿಟ್ಟ ದೋಸೆಹಿಟ್ಟು ಹುಳಿ ಬಂದ ಹಾಗೆ. ಆ ಹುಳಿ ಹೊರಕ್ಕೆ ಹೋಗಲಾರದೆ ಅಲ್ಲೇ ನಿಲ್ಲುತ್ತದೆ. ಜೆಂಟಾಮೈಸಿನ್ ಜಾತಿಯ ಔಷಧಿಗಳು ಹುಳಿಯಲ್ಲಿ ಜೀವಿಯ ಒಳಗೆ ಇಳಿಯಲಾರವು. ಬೇರೆ ಔಷಧಿಗಳು ಬೆಳೆಯುತ್ತಿರುವ ಜೀವಿಯನ್ನು ಮಾತ್ರ ಕೊಲ್ಲುತ್ತವೆ, ಲೋಳೆಯ ತಳದಲ್ಲಿರುವವು ಬೆಳೆಯದೆ ಸುಮ್ಮನೆ ಬಿದ್ದಿರುತ್ತವೆ. ಇದೆಲ್ಲ ಓದಿದ್ದೆ. ಆದರೆ ಓದಿದ್ದನ್ನು ಹೇಳಿದರೆ ಮೂಳೆ ಡಾಕ್ಟರು ಕೇಳುವ ಪೈಕಿಯವರಲ್ಲ. ತೋರಿಸಬೇಕಿತ್ತು.

ಅದೃಷ್ಟಕ್ಕೋ ದುರದೃಷ್ಟಕ್ಕೋ, ಅವಳ ಕಾಲಿನ ಒಂದು ಸ್ಕ್ರೂ ಸಡಿಲವಾಗಿ ಚರ್ಮದ ಕೆಳಗೇ ಕೈಗೆ ಸಿಗುವಂತಾಗಿತ್ತು. ಅದನ್ನು ತೆಗೆದರೆ ನನಗೆ ಕಳಿಸಿ, ಉಪ್ಪುನೀರಿನಲ್ಲಿ ಹಾಕಬೇಡಿ, ಒಣ ಬಾಟಲಿಯಲ್ಲೇ ಕಳಿಸಿ ಎಂದು ಫೋನಿನಲ್ಲಿ ಕೇಳಿಕೊಂಡೆ. ಡಾಕ್ಟರು "ಸ್ಕ್ರೂ ಇಟ್ಕೊಂಡು ಏನ್ಮಾಡ್ತೀರ ಮೇಡಂ, ಮ್ಯೂಸಿಯಂ ಮಾಡ್ತೀರಾ?" ಎಂದು ನಕ್ಕರು. ಕಳಿಸಿದರು.

ಸ್ಕ್ರೂವಿನ ಪೇಚಿನ ಸಂದುಗಳಲ್ಲಿ ತೆಳುವಾಗಿ ಏನೋ ಸವರಿದಂತಿತ್ತು. ಹುಳಿ ಅಳೆಯುವ ಕಾಗದದ ಪಟ್ಟಿಯನ್ನು ಒಂದು ಹನಿ ನೀರಿನಲ್ಲಿ ನೆನೆಸಿ ಆ ಸಂದಿಗೆ ಒತ್ತಿ ಹಿಡಿದೆ. ಬಣ್ಣ ಹಳದಿಗೆ ತಿರುಗಿತು, ಹುಳಿ. ಅದೇ ದಿನ ಕಡ್ಡಿಯಲ್ಲಿ ಬಂದಿದ್ದ ಕೀವಿಗೆ ಇನ್ನೊಂದು ಪಟ್ಟಿ ತಾಗಿಸಿದೆ. ಅಷ್ಟೊಂದು ಇಲ್ಲ. ತೂತಿನ ಬಾಯಲ್ಲಿರುವುದು ಒಂದು, ಕಬ್ಬಿಣಕ್ಕೆ ಅಂಟಿಕೊಂಡಿರುವುದು ಇನ್ನೊಂದು. ಇಷ್ಟು ದಿನ ನಾನು ಬಾಗಿಲಲ್ಲಿ ನಿಂತವರನ್ನು ಮಾತಾಡಿಸಿ ಮನೆಯವರ ಲೆಕ್ಕ ಬರೆದುಕೊಡುತ್ತಿದ್ದೆ.

ಆಮೇಲಿನ ಕೆಲಸ ಸುಲಭದ್ದಾಗಿರಲಿಲ್ಲ. ಹುಳಿಯಾದ ಅಗರ್‌ನಲ್ಲಿ ಬಿಲ್ಲೆ ಇಟ್ಟು ನೋಡಬೇಕಿತ್ತು. ಅಗರ್ ಬೇಯಿಸುವಾಗಲೇ ಆಸಿಡ್ ಹಾಕಿದೆ. ತಣ್ಣಗಾದ ಮೇಲೆ ನೋಡಿದರೆ ಗಂಜಿಯ ಹಾಗೆ ಅಲ್ಲಾಡುತ್ತಿದೆ, ಗಟ್ಟಿಯಾಗಲೇ ಇಲ್ಲ. ಚೆಲ್ಲಿದೆ. ಎರಡನೇ ಸಲ ಬೇಯಿಸಿ ಇಳಿಸಿ, ಕೈ ತಾಳುವಷ್ಟು ಬಿಸಿ ಇರುವಾಗ ಆಸಿಡ್ಡನ್ನು ಹನಿಹನಿಯಾಗಿ ಬಿಟ್ಟು, ಪಟ್ಟಿಯ ಬಣ್ಣ ಸ್ಕ್ರೂವಿನ ಬಣ್ಣಕ್ಕೆ ಹೊಂದುವವರೆಗೆ ಕಲಕಿದೆ. ಈ ಸಲ ಗಟ್ಟಿಯಾಯಿತು. ಅಷ್ಟರಲ್ಲಿ ಕರೆಂಟು ಹೋಯಿತು. ಚಿಕ್ಕಬಳ್ಳಾಪುರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ, ಆದಮೇಲೂ ಕರೆಂಟು ಹಾಗೇ ಹೋಗುತ್ತಿತ್ತು ಬಿಡಿ. ಬೆಚ್ಚಗಿನ ಪೆಟ್ಟಿಗೆಯೊಳಗೆ ಬಿಸಿನೀರಿನ ಬಾಟಲಿಗಳನ್ನು ಟವೆಲ್ಲಿನಲ್ಲಿ ಸುತ್ತಿಟ್ಟು ಶಾಖ ಉಳಿಸಿಕೊಂಡೆ.

ಸ್ಕ್ರೂವನ್ನು ಕೆರೆದು ಎಳೆದ ತಟ್ಟೆಯಲ್ಲಿ ಮಾರನೇ ದಿನ ಏನೂ ಇರಲಿಲ್ಲ. ರೂಢಿಯ ಪ್ರಕಾರ 'ಬೆಳೆದಿಲ್ಲ' ಎಂದು ಬರೆದು ಎಸೆಯಬೇಕು. ಎಸೆಯದೆ ಇಟ್ಟೆ. ಅದರ ಮಾರನೇ ದಿನವೂ ಇಲ್ಲ. ಆಮೇಲೆ ಬೆಳಕಿಗೆ ಹಿಡಿದಾಗ ಸೂಜಿಮೊನೆಯಷ್ಟು ಸಣ್ಣ, ಬಣ್ಣವೇ ಇಲ್ಲದ ಚುಕ್ಕೆಗಳು ಕಂಡವು. ಅದೇ ಸ್ಟಾಫಿಲೋಕಾಕಸ್, ಸೋಮಾರಿಯಾಗಿ ಬದುಕಲು ಕಲಿತದ್ದು. ಅದನ್ನೂ ಕೀವಿನ ಹಳದಿ ಜೀವಿಯನ್ನೂ ಹುಳಿ ತಟ್ಟೆಗಳ ಮೇಲೆ ಹರಡಿ ಜೆಂಟಾಮೈಸಿನ್ ಬಿಲ್ಲೆ ಇಟ್ಟೆ. ಮಾಮೂಲಿ ತಟ್ಟೆಯಲ್ಲಿ ಅಷ್ಟಗಲ ಬಿದ್ದಿದ್ದ ವೃತ್ತ ಹುಳಿ ತಟ್ಟೆಯಲ್ಲಿ ಬಿಲ್ಲೆಯ ಅಂಚಿಗೆ ಬಂದು ನಿಂತಿತ್ತು. ಜೀವಿಗಳು ಬಿಲ್ಲೆಯನ್ನು ಮುಟ್ಟುವಷ್ಟು ಹತ್ತಿರ ಬೆಳೆದು ಕೂತಿದ್ದವು. ಸಂತೋಷಪಡಬೇಕಾದ ಫಲಿತಾಂಶ. ಹಳೇ ರಿಪೋರ್ಟುಗಳ ಪುಸ್ತಕ ತೆಗೆದು ಅದರಲ್ಲಿ ನಾನು ಬರೆದಿದ್ದ 'ಎಸ್'ಗಳನ್ನು ಎಣಿಸಿದೆ.

ರಿಪೋರ್ಟು ಬರೆಯಲು ಕೂತೆ. ಏನು ಬರೆಯಬೇಕು? ನಿಯಮದ ಪ್ರಕಾರ ಮಾಮೂಲಿ ತಟ್ಟೆಯ ವೃತ್ತವೇ ಲೆಕ್ಕ, 'ಎಸ್' ಬರೆದರೆ ನನ್ನನ್ನು ಯಾರೂ ಕೇಳುವಂತಿಲ್ಲ. ಬರೆದರೆ ಇನ್ನೊಂದು ಸುತ್ತು ಸೂಜಿ, ಇನ್ನೊಂದು ಸುತ್ತು ಕೀವು, ಅಷ್ಟರಲ್ಲಿ ಮೂಳೆ ಇನ್ನಷ್ಟು ಕೊಳೆಯುತ್ತದೆ. ಔಷಧಿಗಳ ಮುಂದಿನ ಜಾಗವನ್ನೆಲ್ಲ ಖಾಲಿ ಬಿಟ್ಟು, ಕೆಳಗೆ ಕೈಬರಹದಲ್ಲಿ ಬರೆದೆ: ಕಬ್ಬಿಣ ಒಳಗಿರುವವರೆಗೆ ಈ ಯಾವ ಔಷಧಿಯನ್ನೂ ನಂಬಬೇಡಿ.

ಡಾಕ್ಟರ ಫೋನು ಬರುವುದು ತಡವಾಗಲಿಲ್ಲ. "ಮೇಡಂ, ಲ್ಯಾಬ್ ರಿಪೋರ್ಟ್ ಕೇಳಿದ್ರೆ ಉಪದೇಶ ಬರೆದು ಕಳ್ಸಿದೀರಲ್ಲ. ಪ್ಲೇಟು ತೆಗಿ ಅನ್ನೋಕೆ ನೀವ್ಯಾರು?"

"ಬಂದು ತೋರಿಸ್ತೀನಿ," ಎಂದೆ. ತಟ್ಟೆಗಳನ್ನು ಟಿಫಿನ್ ಡಬ್ಬಿಯಲ್ಲಿ ಜೋಡಿಸಿ, ಅದೇ ಕಂಡಕ್ಟರ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಚಿಂತಾಮಣಿಗೆ ಹೋದೆ. ಅವನು ಟಿಕೆಟ್ಟಿನ ಕಾಸು ತೆಗೆದುಕೊಳ್ಳಲಿಲ್ಲ. ದಾರಿಯುದ್ದಕ್ಕೂ ಡಬ್ಬಿಯನ್ನೇ ನೋಡುತ್ತಿದ್ದ.

ಡಾಕ್ಟರು ಮಾಮೂಲಿ ತಟ್ಟೆಯನ್ನೂ ಹುಳಿ ತಟ್ಟೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆತ ಕೆಟ್ಟ ಮನುಷ್ಯನಲ್ಲ, ಬಾಯಿ ಜೋರು ಅಷ್ಟೇ. "ಮೂಳೆ ಅರ್ಧ ಮಾತ್ರ ಕೂಡಿದೆ ಮೇಡಂ. ಈಗ ಪ್ಲೇಟು ತೆಗೆದ್ರೆ ಕಾಲು ಜೋತಾಡುತ್ತೆ. ಹೊರಗಡೆಯಿಂದ ಕಂಬಿ ಹಾಕಿ ಹಿಡಿಸ್ಬೇಕು, ಕೊಳೆತ ಮೂಳೆ ಕೆರೀಬೇಕು. ಕೂಡುತ್ತೆ ಅಂತ ಗ್ಯಾರಂಟಿ ಇಲ್ಲ," ಎಂದರು. ಬಿಟ್ಟರೆ ಕೂಡುತ್ತದೆಯೇ ಎಂದು ಕೇಳಿದೆ. ಅವರು ಡ್ರೆಸಿಂಗಿಗೆ ಬಂದಿದ್ದ ಹೆಂಡತಿಯನ್ನೂ, ಬಸ್ಸಿಳಿದು ಹೊರಗೆ ಕಾಯುತ್ತಿದ್ದ ಗಂಡನನ್ನೂ ಒಳಗೆ ಕರೆಸಿದರು.

ಅವಳನ್ನು ನಾನು ನೋಡಿದ್ದು ಆವತ್ತೇ ಮೊದಲು. ಸಣ್ಣ ಆಳು, ಊರುಗೋಲನ್ನು ಬಗಲಿಗೆ ಕೊಟ್ಟುಕೊಂಡು ಮುಖ ಗಂಟಿಕ್ಕಿಕೊಂಡೇ ಬಂದಳು. ಡಾಕ್ಟರು ಅವಳಿಗೆ ಅರ್ಥವಾಗುವ ಹಾಗೆ ಹೇಳಿದರು. ಕಬ್ಬಿಣದ ಮೇಲೆ ಲೋಳೆ ಕಟ್ಟಿದೆ, ಅದರೊಳಗೆ ಹುಳಿ ಆಗಿದೆ, ಹುಳಿಯಲ್ಲಿ ಔಷಧಿ ಹತ್ತುವುದಿಲ್ಲ, ಅದಕ್ಕೇ ಕಬ್ಬಿಣ ತೆಗೆದು ತೊಳೆಯಬೇಕು. ಅಷ್ಟು ಚೆನ್ನಾಗಿ ನಾನೂ ಹೇಳುತ್ತಿರಲಿಲ್ಲ. ಅವಳು ಗಂಡನ ಕಡೆ ತಿರುಗಿ ತೆಲುಗಿನಲ್ಲಿ "ನುವ್ವೇ ಚೆಪ್ಪು" ಎಂದಳು, ನೀನೇ ಹೇಳು ಎಂದು.

"ಹುಳ ನಾಲ್ಕನೇ ಜ್ವರಕ್ಕೆ ಕೂತವೆ ಸಾರ್," ಎಂದ ಅವನು. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಸುಮ್ಮನಾಗುವುದನ್ನು ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಅವು ತಿನ್ನುವುದನ್ನು ನೋಡಬೇಕು, ಮನೆಯವರಿಗೆ ಉಸಿರಾಡಲು ಬಿಡುವುದಿಲ್ಲ. ತಿಂದು ಹಣ್ಣಾದವನ್ನು ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡುತ್ತಾರೆ. "ಹಣ್ಣಾಗಿ ಚಂದ್ರಿಕೆ ಮೇಲೆ ಹಾಕೋವರೆಗೂ ಇವ್ಳು ಮನೆ ಬಿಡಲ್ಲ ಅಂತಾಳೆ. ಗೂಡು ಬಿಡಿಸಿದ ತಕ್ಷಣ ಬರ್ತೀವಿ."

"ಕಾಲು ದೊಡ್ಡದೋ ಹುಳ ದೊಡ್ಡದೋ?" ಎಂದು ನಾನು ಬಾಯಿ ಹಾಕಿದೆ.

ಅವಳು ನನ್ನನ್ನೇ ನೋಡಿ ಹೇಳಿದಳು. "ಕಾಲಿರೋದೇ ಹುಳ ಸಾಕಕ್ಕೆ ಕಣಮ್ಮ. ಅವು ಹೋದ್ರೆ ಈ ಕಾಲ್ನ ನಾನೇನ್ ಮಾಡ್ಲಿ?"

ಇಷ್ಟು ಕಾಲ ಇದ್ದದ್ದು ಇನ್ನು ಕೆಲವು ದಿನ ಇದ್ದರೆ ಏನೂ ಆಗುವುದಿಲ್ಲ ಎಂದು ಡಾಕ್ಟರು ಒಪ್ಪಿದರು. ವೈದ್ಯದ ಲೆಕ್ಕದಲ್ಲಿ ಅದು ಸರಿಯೇ ಆಗಿತ್ತು. ಆ ಮಧ್ಯೆ ಒಂದು ಸಲ ಕೀವು ಕಳಿಸಿ ಎಂದು ನಾನು ಹೇಳಿ ಬಂದೆ.

ಕಡ್ಡಿ ತಂದ ದಿನ ಕಂಡಕ್ಟರ ಮುಖದಲ್ಲಿ ನಗು ಇತ್ತು. ಅವನು ನಕ್ಕಿದ್ದನ್ನು ನಾನು ನೋಡಿಯೇ ಇರಲಿಲ್ಲ. "ಕೀವು ಒಣಗ್ತಾ ಐತೆ ಮೇಡಂ. ಆಪರೇಷನ್ ಬೇಕಾಗಲ್ವೇನೋ," ಎಂದ. ಒಳ್ಳೇದಾಯ್ತು ಎಂದೆ. ಕಡ್ಡಿಯ ಹತ್ತಿ ನಿಜಕ್ಕೂ ಒಣಗಿತ್ತು, ಬೆಳ್ಳಗೆ ತರಿತರಿಯಾಗಿತ್ತು. ಅಭ್ಯಾಸಬಲದಿಂದ ಪಟ್ಟಿ ನೆನೆಸಿ ತಾಗಿಸಿದೆ. ಹಿಂದಿನ ಕೀವಿನ ಹಾಗೆ ಹಸಿರು ಹಳದಿಯ ಮಧ್ಯೆ ನಿಲ್ಲಬೇಕಾದದ್ದು ಕಡುನೀಲಿಯಾಯಿತು. ಪಟ್ಟಿ ಕೆಟ್ಟಿದೆ ಎಂದುಕೊಂಡು ಹೊಸ ಡಬ್ಬಿ ಒಡೆದೆ. ಅದೂ ನೀಲಿ. ಮನುಷ್ಯನ ಮೈಯಲ್ಲಿ ಅಂಥ ಕ್ಷಾರ ಎಲ್ಲೂ ಇರುವುದಿಲ್ಲ.

ಕಿಟಕಿಯಿಂದ ಬಗ್ಗಿ ಕೂಗಿ ಅವನನ್ನು ಮೇಲಕ್ಕೆ ಕರೆದೆ. ಡ್ರೈವರು ಹಾರ್ನ್ ಹೊಡೆದುಕೊಂಡೇ ಇರಲಿ.

"ಗಾಯಕ್ಕೆ ಏನ್ ಹಾಕಿದ್ರಿ?"

"ಸುಣ್ಣ ಮೇಡಂ." ಅವನಿಗೆ ಮುಚ್ಚಿಡುವಂಥದ್ದೇನೂ ಕಂಡಿರಲಿಲ್ಲ. "ಹುಳ ಜ್ವರಕ್ಕೆ ಕೂತಾಗ ಹಾಸಿಗೆ ತೇವ ಆಗಿ ರೋಗ ಬರ್ಬಾರ್ದು ಅಂತ ಸುಣ್ಣ ಉದುರಿಸ್ತೀವಲ್ಲ, ಅದೇ ಸುಣ್ಣ. ಡಾಕ್ಟ್ರು ಒಳಗಡೆ ಹುಳಿ ಐತೆ ಅಂದ್ರಲ್ಲ, ಹುಳಿಗೆ ಸುಣ್ಣ ಬಿದ್ರೆ ಮುರಿಯುತ್ತೆ ಅಂತ ಇವ್ಳೇ ಅಂದ್ಲು. ಹೊಸ ಸುಣ್ಣ ಜರಡಿ ಹಿಡಿದು, ತೂತಿನ ಒಳಕ್ಕೆ ತುಂಬಿ ಬಟ್ಟೆ ಕಟ್ತಾವ್ಳೆ. ಉರೀತೈತೆ ಅಂತಾಳೆ. ಉರಿದ್ರೆ ಕೆಲಸ ಮಾಡ್ತಾ ಐತೆ ಅಂತ ಅಲ್ವಾ ಮೇಡಂ?"

ಅವಳ ಲೆಕ್ಕದಲ್ಲಿ ತಪ್ಪೇನಿದೆ? ಹುಳಿಯನ್ನು ಕ್ಷಾರ ಮುರಿಯುತ್ತದೆ, ನಿಜ. ಲೋಳೆಯ ತಳದವರೆಗೆ ಅದು ಇಳಿಯುವುದಿಲ್ಲ, ಇಳಿಯುವ ಮೊದಲು ಚರ್ಮವನ್ನೂ ಮಾಂಸವನ್ನೂ ಸುಟ್ಟುಬಿಡುತ್ತದೆ ಎಂಬುದೊಂದೇ ಅವಳಿಗೆ ಗೊತ್ತಿಲ್ಲದ್ದು. ಮೊಣಕಾಲ ಕೆಳಗೆ ಮುಂಭಾಗದಲ್ಲಿ ಮೂಳೆಯ ಮೇಲೆ ಮಾಂಸವೇ ಇಲ್ಲ, ಬರೀ ಚರ್ಮ. ಪ್ಲೇಟು ತೆಗೆದ ಮೇಲೆ ಮೂಳೆಯನ್ನು ಮುಚ್ಚಬೇಕಾಗಿದ್ದದ್ದು ಅದೇ ಚರ್ಮ. "ಈಗಲೇ ಹೋಗಿ ನೀರು ಸುರಿದು ತೊಳೆಸಿ. ಧಾರಾಳವಾಗಿ ಸುರೀರಿ. ಹುಳ ಸಾಯ್ಲಿ, ಅವಳನ್ನ ಇವತ್ತೇ ಆಸ್ಪತ್ರೆಗೆ ಕರ್ಕೊಂಡ್ ಹೋಗಿ," ಎಂದೆ. ಅವನ ಮುಖ ಹೇಗಾಯಿತೆಂದು ಹೇಳಲಾರೆ. ಡಾಕ್ಟರಿಗೆ ಫೋನು ಮಾಡಿದೆ. ಆಪರೇಷನ್ ಕೋಣೆ ಸಿದ್ಧ ಮಾಡಿಸುತ್ತೇನೆ ಎಂದರು.

ಚರ್ಮ ಅಂಗೈಯಗಲ ಸತ್ತಿತ್ತು. ಅದನ್ನು ಕತ್ತರಿಸಿ, ಪ್ಲೇಟನ್ನೂ ಸ್ಕ್ರೂಗಳನ್ನೂ ತೆಗೆದು, ಕೊಳೆತ ಮೂಳೆ ಕೆರೆದು, ಹೊರಗಿನಿಂದ ಕಂಬಿ ಹಾಕಿ ಕಾಲನ್ನು ನೆಟ್ಟಗೆ ನಿಲ್ಲಿಸಿದರು. ಪ್ಲೇಟು ನನಗೆ ಬಂತು. ಮೂಳೆಗೆ ಒರಗಿದ್ದ ಮಗ್ಗುಲಿಗೆ ಪಟ್ಟಿ ಒತ್ತಿ ನೋಡಿದೆ. ಹಳದಿ. ಅಷ್ಟು ಸುಣ್ಣ ತುಂಬಿ, ಅಷ್ಟು ಉರಿ ತಿಂದರೂ ಅಲ್ಲಿ ಹುಳಿ ಹಾಗೇ ಇತ್ತು. ಜೀವಿಗಳೂ ಇದ್ದವು. ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕೆಂದು ತಿಳಿಯದೆ ಪ್ಲೇಟನ್ನು ಟ್ರೇಗೆ ಬಿಸಾಡಿದೆ.

ತೆರೆದ ಮೂಳೆಯನ್ನು ಮುಚ್ಚಲು ಚರ್ಮವಿರಲಿಲ್ಲ. ಬೆಂಗಳೂರಿಗೆ ಕಳಿಸಿದರು. ಅಲ್ಲಿ ಕಾಲಿನ ಹಿಂಬದಿಯ ಮಾಂಸಖಂಡವನ್ನು ಮುಂದಕ್ಕೆ ತಿರುಗಿಸಿ ಮುಚ್ಚಿದರು. ಅದು ಅರ್ಧ ಹಿಡಿಯಿತು, ಅರ್ಧ ಕೊಳೆಯಿತು. ಗಾಳಿಗೆ ಬಿದ್ದ ಮೂಳೆ ಒಣಗಿ ಕಪ್ಪಾಯಿತು. ಕೀವು ಮತ್ತೆ ಶುರುವಾಯಿತು, ಈಗ ತೂತಿನಿಂದಲ್ಲ, ಹಳ್ಳದಿಂದ. ಪ್ಲೇಟು ಇಲ್ಲದಿದ್ದರೂ ಸತ್ತ ಮೂಳೆಯೇ ಜೀವಿಗಳಿಗೆ ಪ್ಲೇಟಾಗಿತ್ತು. ಅದಕ್ಕೂ ರಕ್ತವಿಲ್ಲ. ಜ್ವರ ಬರತೊಡಗಿದಾಗ ಚಿಂತಾಮಣಿಯ ಡಾಕ್ಟರು ನನಗೆ ಫೋನು ಮಾಡಿ, "ಇನ್ನೇನಾದ್ರೂ ಉಳಿದಿದ್ಯಾ ಮೇಡಂ ನಿಮ್ಮ ಹತ್ರ?" ಎಂದು ಕೇಳಿದರು. ತಮಾಷೆ ಇರಲಿಲ್ಲ ಅವರ ದನಿಯಲ್ಲಿ. ಇಲ್ಲ ಎಂದೆ.

ಕಾಲು ತೆಗೆಯುವುದೊಂದೇ ದಾರಿ ಎಂದು ತೀರ್ಮಾನವಾಯಿತು. ಅದರ ಹಿಂದಿನ ದಿನ ಚಿಂತಾಮಣಿಯ ನರ್ಸಿಂಗ್ ಹೋಮಿಗೆ ಅವಳನ್ನು ನೋಡಲು ಹೋದೆ. ಲ್ಯಾಬಿನವಳಾದ ನನಗೆ ಅಲ್ಲಿ ಕೆಲಸವೇನೂ ಇರಲಿಲ್ಲ, ಮನಸ್ಸು ತಡೆಯಲಿಲ್ಲ. ಅವಳು ಗೋಡೆಗೆ ಒರಗಿ ಕೂತಿದ್ದಳು. ಗಂಡ ಕಾಫಿ ತರಲು ಹೋಗಿದ್ದ. ಅವತ್ತು ಬಿಟ್ಟು ಬಂದ ಹುಳು ಏನಾಯಿತು ಎಂದು ಕೇಳಿದೆ. ಪಕ್ಕದ ಮನೆಯವರು ನೋಡಿಕೊಂಡರಂತೆ, ಗೂಡು ಚೆನ್ನಾಗಿಯೇ ಆಯಿತಂತೆ. ಅದನ್ನು ಹೇಳುವಾಗ ಅವಳ ದನಿ ಸ್ವಲ್ಪ ಗಟ್ಟಿಯಾಗಿತ್ತು. ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೇಳಿದಳು.

"ನಾನು ಸುಣ್ಣ ಹಾಕ್ದೆ ಇದ್ದಿದ್ರೆ ಉಳೀತಿತ್ತಾ ಅಮ್ಮ?"

ಉಳಿಯಬಹುದಿತ್ತು. ಉಳಿಯದೆಯೂ ಇರಬಹುದಿತ್ತು. ನನಗೆ ನಿಜಕ್ಕೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. "ಗೊತ್ತಿಲ್ಲಮ್ಮ," ಎಂದೆ. ಅವಳು ತಲೆಯಾಡಿಸಿದಳು. ಸುಳ್ಳಾದರೂ ಹೇಳಬೇಕಿತ್ತೇನೋ ಎಂದು ಬಸ್ಸಿನಲ್ಲಿ ಕೂತ ಮೇಲೆ ಅನ್ನಿಸಿತು, ಅಳು ಬಂತು.

ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಉಳಿದ ಮೂಳೆಯ ತುದಿಯಿಂದ ಒಂದು ಚೂರು ನನಗೆ ಬಂತು, ಸೋಂಕು ಅಲ್ಲಿಗೂ ಹತ್ತಿದೆಯೇ ನೋಡಲು. ಮಾಮೂಲಿ ತಟ್ಟೆಯಲ್ಲಿಟ್ಟೆ, ಹುಳಿ ತಟ್ಟೆಯಲ್ಲಿಟ್ಟೆ, ಗಾಳಿಯಿಲ್ಲದ ಜಾಡಿಯಲ್ಲಿಟ್ಟೆ. ದಿನಾ ಬೆಳಕಿಗೆ ಹಿಡಿದು ನೋಡಿದೆ. ಸೂಜಿಮೊನೆಯಷ್ಟೂ ಇರಲಿಲ್ಲ. ಎಲ್ಲ ತಟ್ಟೆಗಳೂ ತೊಳೆದಿಟ್ಟ ಹಾಗೆ ಬೋಳಾಗಿದ್ದವು.

ಕಂಡಕ್ಟರು ರಿಪೋರ್ಟಿಗೆ ಬಂದ. ಔಷಧಿಗಳ ಪಟ್ಟಿಯೇ ಇರಲಿಲ್ಲ ಅದರಲ್ಲಿ, ಒಂದೇ ಒಂದು ಸಾಲು ಇತ್ತು. ಅವನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಏನೂ ಬೆಳೆದಿಲ್ಲ ಕಂಡಕ್ಟ್ರೇ. ಸೋಂಕು ಹೋಗಿದೆ."

"ಹಂಗಾದ್ರೆ ವಾಸಿ ಆಯ್ತು."

"ಆಯ್ತು," ಎಂದೆ.

ಅವನು ಅದನ್ನು ಮಡಿಸಲು ಹೋಗಿ ಮಡಿಸಲಿಲ್ಲ. "ಇದಕ್ಕೊಂದು ಸೀಲ್ ಹಾಕ್ಕೊಡಿ ಮೇಡಂ. ಅವ್ಳಿಗೆ ಓದಕ್ ಬರಲ್ಲ. ಆದ್ರೂ ತೋರಿಸ್ಬೇಕು. ಕಾಲು ಕೊಟ್ಟಿದ್ದಕ್ಕೆ ಏನ್ ಬಂತು ಅಂತ ದಿನಾ ಕೇಳ್ತಾವ್ಳೆ."